ಮಣಲೇರ ಬೇಡಿಕೊಂಡದ್ದು

ಏಳೆಂಟು ವರ್ಷಗಳ ಹಿಂದಿನ ಮಾತು. ಕಣ್ಣು ತೋರಿಸಲೆಂದು ದೊಡ್ಡಪ್ಪ ಊರಿನಿಂದ ಬೆಂಗಳೂರಿಗೆ ಬಂದಿದ್ದ. ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿ, ಪರೀಕ್ಷೆ ಮಾಡಿ, ಇವತ್ತೆಲ್ಲ ಸ್ವಲ್ಪ ಮಂಜುಮಂಜಾಗಿ ಕಾಣುತ್ತದೆ ಎಂದು ಹೇಳಿ ಕಳಿಸಿದರು. ಮದ್ದೂರು ಕಡೆಯ ಬಸ್ಸಿಗೆ ಸಂಜೆಯವರೆಗೂ ಹೊತ್ತಿತ್ತು. ಬಿಸಿಲಲ್ಲಿ ಎಲ್ಲಿ ಸುತ್ತುವುದು ಎಂದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದೊಳಕ್ಕೆ ಕರೆದುಕೊಂಡು ಹೋದೆ. ನನಗೆ ಶಾಸನಗಳ ಹುಚ್ಚು ಹಿಡಿದಿದ್ದ ಕಾಲ ಅದು. ದೊಡ್ಡಪ್ಪನಿಗೆ ಅಂಥ ಹುಚ್ಚೇನೂ ಇರಲಿಲ್ಲ, ಒಳಗೆ ತಂಪಾಗಿತ್ತು ಅಷ್ಟೆ.

ಮೊದಲು ಬೇಗೂರಿನ ವೀರಗಲ್ಲಿನ ಮುಂದೆ ನಿಂತೆವು. ಬೆಂಗಳೂರಿನ ಹೆಸರು ಮೊದಲ ಸಲ ಕಾಣಿಸಿಕೊಳ್ಳುವ ಕಲ್ಲು ಇದೇ ಎಂದು ಎಷ್ಟೋ ಜನ ತಿಳಿದಿದ್ದಾರೆ. ಆ ಕಲ್ಲು ಬೇರೆ, ಅದು ಬೇಗೂರಿನ ನಾಗೇಶ್ವರ ದೇವಾಲಯದಲ್ಲೇ ಇದೆ. ವಸ್ತುಸಂಗ್ರಹಾಲಯದಲ್ಲಿ ಇರುವುದು ಗಂಗರ ಎರೆಯಪ್ಪನ ಕಾಲದ ಇನ್ನೊಂದು ಕಲ್ಲು. ಆನೆ ಕುದುರೆಗಳು ಒಂದರ ಮೇಲೊಂದು ಬಿದ್ದು ಕಾದಾಡುತ್ತಿರುವ ಶಿಲ್ಪ. ತುಂಬೆಪಾಡಿ ಎಂಬಲ್ಲಿ ನಾಗತ್ತರ ಎಂಬವನು ಆನೆಗಳ ಮೇಲೆ ನುಗ್ಗಿ ಹೋರಾಡಿ ಸತ್ತ. ಅದನ್ನು ಕೇಳಿ ಎರೆಯಪ್ಪ ಇರುಗ ಎಂಬವನಿಗೆ ನಾಗತ್ತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಬೆಂಪೂರು ಎಂದರೆ ಇವತ್ತಿನ ಬೇಗೂರು. ಹನ್ನೆರಡು ಹಳ್ಳಿಗಳ ಹೆಸರನ್ನೂ ಒಂದೊಂದಾಗಿ ಕಲ್ಲಿನಲ್ಲಿ ಕೆತ್ತಿದ್ದಾರೆ. ಮುಂದೆ ಯಾರೂ ತಕರಾರು ತೆಗೆಯಬಾರದಲ್ಲ.

ದೊಡ್ಡಪ್ಪ ತಲೆಯಾಡಿಸಿ ಮುಂದಕ್ಕೆ ನಡೆದ. ಅವನು ನಿಂತದ್ದು ಆತಕೂರಿನ ಕಲ್ಲಿನ ಎದುರು.

"ಇದೇನ್ ಮಗ, ನಾಯಿ ಹಂದಿ ಇದ್ದಂಗದೆ?"

"ಹೂಂ ದೊಡ್ಡಪ್ಪ, ನಾಯೀನೇ. ನಮ್ ಕಡೇದೇ ಕಲ್ಲು. ಆತಕೂರಿಂದು."

ಆತಕೂರು ನಮ್ಮ ಮದ್ದೂರು ತಾಲ್ಲೂಕಿನದೇ ಊರು. ಅವನ ಕಣ್ಣಿಗೆ ಅಕ್ಷರ ಕಾಣುತ್ತಿರಲಿಲ್ಲ, ಕಂಡಿದ್ದರೂ ಹಳಗನ್ನಡದ ಲಿಪಿ ಓದಲು ಬರುತ್ತಿರಲಿಲ್ಲ. ನನಗೂ ನೇರವಾಗಿ ಕಲ್ಲನ್ನು ಓದಲು ಬರುವುದಿಲ್ಲ, ಪಾಠ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳುತ್ತಾ ಹೋದೆ.

ಕ್ರಿ.ಶ. 949-50ರ ಸುಮಾರಿನ ಕಲ್ಲು. ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ತಕ್ಕೋಲ ಈಗಿನ ತಮಿಳುನಾಡಿನ ಅರಕ್ಕೋಣಂ ಹತ್ತಿರದ ಊರು. ಕೃಷ್ಣನ ಕಡೆ ಅವನ ಭಾವಮೈದುನ, ಗಂಗರ ಇಮ್ಮಡಿ ಬೂತುಗ. ಚೋಳ ರಾಜಾದಿತ್ಯ ಆನೆಯ ಮೇಲೇ ಸತ್ತ, ಕೊಂದವನು ಬೂತುಗ. (ಈ ಶಾಸನವನ್ನು ಮೊದಲು ಓದಿದ ಫ್ಲೀಟ್, ಬೂತುಗ ಮೋಸದಿಂದ ಕೊಂದನೆಂದು ಅರ್ಥ ಮಾಡಿದ್ದರು. ಆನೆಯ ಅಂಬಾರಿಯೇ ಕಣವಾಯಿತು ಎಂದು ಆಮೇಲೆ ತಿದ್ದಿ ಓದಲಾಯಿತು. ಒಂದೆರಡು ಅಕ್ಷರ ಆಚೀಚೆಯಾದರೆ ಒಬ್ಬ ಯೋಧ ಎಷ್ಟೋ ಕಾಲ ಮೋಸಗಾರನಾಗಿ ನಿಲ್ಲಬೇಕಾಗುತ್ತದೆ!) ಗೆದ್ದ ಮೇಲೆ ಕೃಷ್ಣ ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತನ್ನು ಬಿಟ್ಟುಕೊಟ್ಟ. ದೊಡ್ಡವರ ಲೆಕ್ಕ ಅದು, ಅಲ್ಲಿಗೆ ಬಿಡೋಣ.

ಬೂತುಗನ ಮುಂದೆ ನಿಂತು ಕಾದಿದವನು ಮಣಲೇರ. ಸಗರ ವಂಶದವನು. ಅವನು ಸಾಯಲಿಲ್ಲ, ಬದುಕಿ ಬಂದ. ಅವನ ಕಾದಾಟಕ್ಕೆ ಮೆಚ್ಚಿ ಬೂತುಗ ಆತಕೂರು ಹನ್ನೆರಡನ್ನೂ ಬೆಳ್ವೊಲದ ಕೋಟೆಯೂರನ್ನೂ ಅವನಿಗೆ ಬಾಳ್ಗಳ್ಚಾಗಿ ಕೊಟ್ಟ.

"ಬದುಕ್ ಬಂದೋನ್ಗಾ?" ದೊಡ್ಡಪ್ಪ ತಡೆದು ಕೇಳಿದ. "ಕಲ್ಲು ನೆಡದು ಸತ್ತೋರ್ಗಲ್ವಾ?"

ನಾನು ಎಷ್ಟೋ ಸಲ ಆ ಕಲ್ಲಿನ ಮುಂದೆ ನಿಂತಿದ್ದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಹೊಳೆಯಲು ಸಿಪಾಯಿಯಾಗಿ ಹೋಗಿ ಬಂದವನೇ ಬೇಕಿತ್ತೋ ಏನೋ.

ದೊಡ್ಡಪ್ಪ ಸೈನ್ಯದಲ್ಲಿದ್ದದ್ದು ಹದಿನೇಳು ವರ್ಷ. ಬಂದೂಕು ಹಿಡಿದು ಓಡುವ ಪಡೆಯಲ್ಲಲ್ಲ, ಆರ್ಮಿ ಸರ್ವಿಸ್ ಕೋರ್‌ನ ಹೇಸರಗತ್ತೆ ಕಂಪನಿಯಲ್ಲಿ. ರಸ್ತೆ ಮುಗಿದ ಮೇಲೆ ಮಲೆಯ ಮೇಲಿನ ಠಾಣೆಗಳಿಗೆ ಸೀಮೆಎಣ್ಣೆ, ಹಿಟ್ಟು, ಮದ್ದುಗುಂಡು ಹೊತ್ತು ಹತ್ತಿಸುವ ಕೆಲಸ. 1971ರ ಡಿಸೆಂಬರಿನಲ್ಲಿ ಅವನು ಕಾಶ್ಮೀರದ ಕಡೆ ಎಲ್ಲೋ ಇದ್ದ. ಎಲ್ಲೋ ಎನ್ನುತ್ತಿದ್ದೇನೆ, ಏಕೆಂದರೆ ನಾವು ಯಾರೂ ಕೇಳಲಿಲ್ಲ. ಹಬ್ಬಕ್ಕೆ ಸೇರಿದಾಗ ಅವನ ರಜೆ ಕಾಲದ ರಮ್ಮಿನ ಬಾಟಲಿಗಳ ಕಥೆ ಬರುತ್ತಿತ್ತು, ಹಿಂದಿ ಬೈಗುಳಗಳ ಕಥೆ ಬರುತ್ತಿತ್ತು. ಆ ಡಿಸೆಂಬರ್ ಬರುತ್ತಿರಲಿಲ್ಲ.

ಡಿಸೆಂಬರ್ 7 ನಮ್ಮ ಶಾಲೆಯಲ್ಲಿ ಧ್ವಜ ದಿನ. 1949ರಿಂದ ದೇಶದೆಲ್ಲೆಡೆ ಆಚರಿಸಿಕೊಂಡು ಬಂದಿದ್ದಾರೆ. ಮಾಜಿ ಸೈನಿಕರಿಗೂ ಯುದ್ಧದಲ್ಲಿ ಗಂಡಂದಿರನ್ನು ಕಳೆದುಕೊಂಡವರಿಗೂ ನೆರವಾಗಲೆಂದು ಜನರಿಂದ ಹಣ ಕೂಡಿಸುವ ದಿನ. ಮೇಷ್ಟ್ರು ಕಾಗದದ ಸಣ್ಣ ಬಾವುಟಗಳನ್ನೂ ಗುಂಡುಸೂಜಿಗಳನ್ನೂ ಕೊಟ್ಟು ಊರಿಗೆ ಕಳಿಸುತ್ತಿದ್ದರು. ಒಂದು ವರ್ಷ ನಾನು ಮನೆಮನೆ ಸುತ್ತಿ, ಕೊನೆಗೆ ದೊಡ್ಡಪ್ಪನ ಅಂಗಿಗೂ ಒಂದು ಚುಚ್ಚಿ ನಾಲ್ಕಾಣೆ ಇಸಿದುಕೊಂಡಿದ್ದೆ. ಆಗಷ್ಟೇ ಅವನು ನಿವೃತ್ತಿಯಾಗಿ ಬಂದು ವರ್ಷವಾಗಿತ್ತು. ಯಾರಿಗಾಗಿ ದುಡ್ಡು ಎತ್ತುತ್ತಿದ್ದೆನೋ ಅವನ ಕೈಯಿಂದಲೇ ದುಡ್ಡು ತೆಗೆದುಕೊಂಡೆ ಎಂಬುದು ನನಗೆ ಅರ್ಥವಾದದ್ದು ಬಹಳ ವರ್ಷಗಳ ಮೇಲೆ. ಅವನು ಮಾತ್ರ ನಗುತ್ತಾ ಕೊಟ್ಟಿದ್ದ.

ಸತ್ತವರಿಗೆ ನಮ್ಮ ನಾಡು ಎಂದೂ ಕಡಿಮೆ ಮಾಡಿಲ್ಲ. ಕರ್ನಾಟಕದ ಯಾವ ಮೂಲೆಗೆ ಹೋದರೂ ವೀರಗಲ್ಲು ಸಿಗುತ್ತದೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ರಾಜರ ಯುದ್ಧದಲ್ಲಿ ಸತ್ತವರಿಗಿಂತ ಊರ ದನ ಹೊಡೆದುಕೊಂಡು ಹೋದವರ ಬೆನ್ನು ಹತ್ತಿ ಸತ್ತವರು, ಹೆಣ್ಣಿನ ಮಾನಕ್ಕೆ ಅಡ್ಡ ನಿಂತವರು, ಊರಳಿವಿನಲ್ಲಿ ಬಿದ್ದವರು ಈ ಕಲ್ಲುಗಳಲ್ಲಿ ಹೆಚ್ಚು. ನಮ್ಮೂರ ಕೆರೆ ಏರಿಯ ಕೆಳಗೆ ಬಟ್ಟೆ ಒಗೆಯುವ ಚಪ್ಪಡಿಯೊಂದಿತ್ತು. ಬೇಸಿಗೆಯಲ್ಲಿ ಒಮ್ಮೆ ಅದರ ತಳಭಾಗವನ್ನು ಕೈಯಿಂದ ತಡವಿದಾಗ ಕತ್ತಿ ಎತ್ತಿದ ತೋಳೊಂದು ಬೆರಳಿಗೆ ಸಿಕ್ಕಿತು. ನಾನು ಅಂದು ಕಂಡುಹಿಡಿದೆನೆಂದು ಬೀಗಿದೆ. ಅಜ್ಜಿಗೆ ಮೊದಲೇ ಗೊತ್ತಿತ್ತು, ಮುಖ ಸವೆಯದಿರಲಿ ಎಂದೇ ಮಗುಚಿ ಹಾಕಿದ್ದಂತೆ.

ಕಲ್ಲಿನ ಜೊತೆಗೆ ಭೂಮಿಯೂ ಇತ್ತು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಸತ್ತವನ ಮನೆಯವರಿಗೆ ಕೊಡುವ ಹೊಲಗದ್ದೆಗೆ ನೆತ್ತರುಗೊಡಗೆ ಎಂದು ಹೆಸರು. ಚೆಲ್ಲಿದ ರಕ್ತಕ್ಕೆ ಕೊಟ್ಟ ಕೊಡುಗೆ. ಬೇಗೂರಿನ ಕಲ್ನಾಡೂ ಅದೇ ಜಾತಿಯದು. ಶಾಸನಗಳ ಸಂಪುಟಗಳಲ್ಲಿ ಇಂಥ ಮಾತುಗಳು ಎಷ್ಟೋ ಸಲ ಬರುತ್ತವೆ. ಬಾಳ್ಗಳ್ಚು ಬೇರೆ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಕತ್ತಿ ತೊಳೆದದ್ದಕ್ಕೆ ಕೊಟ್ಟ ಭೂಮಿ. ನನಗೆ ಈ ಪದ ಬಹಳ ಇಷ್ಟ. ಕತ್ತಿ ತೊಳೆಯುವುದು ಕಾಳಗ ಮುಗಿದ ಮೇಲೆ, ಮನೆಗೆ ಬಂದ ಮೇಲೆ. ಕೈಗೆ ಮೆತ್ತಿದ್ದನ್ನು ತೊಳೆದುಕೋ, ಇಗೋ ಗದ್ದೆ, ಇನ್ನು ಉಳು ಎಂದಂತೆ ನನ್ನ ಕಿವಿಗೆ ಕೇಳಿಸುತ್ತದೆ. ವಿದ್ವಾಂಸರು ಹೀಗೆ ಅರ್ಥ ಮಾಡಲು ಒಪ್ಪದೇ ಹೋಗಬಹುದು.

ಹಾಗೆಂದು ಹತ್ತನೇ ಶತಮಾನವನ್ನು ಹೊಗಳಿ ಮುಗಿಸುವಂತಿಲ್ಲ. ಆತಕೂರು ಹನ್ನೆರಡನ್ನು ಪಡೆದ ಮಣಲೇರ ತಾನೇ ಮಡಕೆ ಹಿಡಿದು ಉಳಲಿಲ್ಲ. ಉಳುತ್ತಿದ್ದವರು ಮೊದಲೂ ಉಳುತ್ತಿದ್ದರು, ಆಮೇಲೂ ಉಳುತ್ತಿದ್ದರು, ಕೊಡುವ ಧಣಿ ಬದಲಾಗಿರಬಹುದು ಅಷ್ಟೆ. ತಕ್ಕೋಲದಲ್ಲಿ ಅವನ ಹಿಂದೆ ನಿಂತಿದ್ದ ಕಾಲಾಳುಗಳ ಹೆಸರು ಆ ಕಲ್ಲಿನಲ್ಲಿ ಇಲ್ಲ. ಕೊಡಗಿನ ಹಾಲೇರಿ ಅರಸರ ಜಮ್ಮಾ ಭೂಮಿ ಇನ್ನೂ ಬೇರೆ ಬಗೆ. ಅಲ್ಲಿ ಭೂಮಿ ಮೊದಲು, ಕರೆದಾಗ ಆಯುಧ ಹಿಡಿದು ಬರಬೇಕೆಂಬ ಕಟ್ಟು ಆಮೇಲೆ, ತಲೆಮಾರಿನಿಂದ ತಲೆಮಾರಿಗೆ.

ಕಲ್ಲಿನಲ್ಲಿ ಒಂದು ಹೆಸರಾದರೂ ಇತ್ತು. ಇಂಗ್ಲಿಷರ ಕಾಲಕ್ಕೆ ಬಂದರೆ ಅದೂ ಲೆಕ್ಕವಾಗಿಬಿಟ್ಟಿತು. ಮೊದಲ ಮಹಾಯುದ್ಧದ ನಂತರ ಈ ದೇಶದ ಎಷ್ಟೋ ಹಳ್ಳಿಗಳಲ್ಲಿ ಸಣ್ಣ ಕಲ್ಲಿನ ಫಲಕಗಳನ್ನು ನೆಡಿಸಿದರು. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಒಕ್ಕಣೆ: ಈ ಹಳ್ಳಿಯಿಂದ 1914-1919ರ ಮಹಾಯುದ್ಧಕ್ಕೆ ಇಷ್ಟು ಜನ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು. ಹೆಸರಿಲ್ಲ. ಬದುಕಿ ಬಂದವರು ಎಷ್ಟು ಎಂದು ತಿಳಿಯಬೇಕಾದರೆ ನಾವೇ ಕಳೆಯಬೇಕು. ಆ ಯುದ್ಧಕ್ಕೆ ಹೋದ ಭಾರತೀಯರು ಹತ್ತು ಲಕ್ಷಕ್ಕೂ ಹೆಚ್ಚು, ಸತ್ತವರು ಸುಮಾರು 74,000. ದೆಹಲಿಯ ಇಂಡಿಯಾ ಗೇಟಿನ ಮೇಲೆ 13,000ಕ್ಕೂ ಹೆಚ್ಚು ಹೆಸರುಗಳಿವೆ. ಉಳಿದು ಬಂದ ಲಕ್ಷಾಂತರ ಜನ ಕಳೆಯುವ ಲೆಕ್ಕದ ಕೆಳಗಿನ ಸಾಲಿನಲ್ಲಿದ್ದಾರೆ.

ನಮ್ಮ ಮೈಸೂರು ಸಂಸ್ಥಾನದವರೂ ಅವರಲ್ಲಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ತುರ್ಕರಿಂದ ಗೆದ್ದ ಕುದುರೆಪಡೆಯಲ್ಲಿ ಮೈಸೂರು ಲ್ಯಾನ್ಸರ್ಸ್ ಇತ್ತು. ಅದರ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿತ್ತು, ಜೋಧಪುರದವರು ಕೆಳಗಿನಿಂದ ಊರಿನೊಳಕ್ಕೆ ನುಗ್ಗಿದರು. ಮೆಷಿನ್ ಗನ್ನುಗಳ ಎದುರು ಭರ್ಜಿ ಹಿಡಿದ ಸವಾರರು! ಸೆರೆ ಸಿಕ್ಕವರು ಸಾವಿರದ ಮುನ್ನೂರಕ್ಕೂ ಹೆಚ್ಚು. ಈ ಕಡೆ ಸತ್ತವರು ಎಂಟು ಜನ, ಗಾಯಗೊಂಡವರು 34. ಕುದುರೆಗಳಲ್ಲಿ 60 ಸತ್ತವು, 83 ಗಾಯಗೊಂಡವು. ದೆಹಲಿಯ ತೀನ್ ಮೂರ್ತಿಯ ಮೂವರಲ್ಲಿ ಒಬ್ಬ ಮೈಸೂರಿನವನು, ಉಳಿದಿಬ್ಬರು ಜೋಧಪುರ ಮತ್ತು ಹೈದರಾಬಾದಿನವರು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್‌ನವರ ಸ್ಮಾರಕ ಸ್ತಂಭವಿದೆ. ಅದರ ಪಕ್ಕದಲ್ಲೇ ದಿನವೂ ಬಸ್ಸು ಹಿಡಿಯುವವರಲ್ಲಿ ಅದು ಏನೆಂದು ತಿಳಿದವರು ಕಡಿಮೆ. ನಾನೇ ಒಂದು ವರ್ಷ ಆ ದಾರಿಯಲ್ಲಿ ಓಡಾಡಿ, ಕೊನೆಗೊಂದು ದಿನ ಮಳೆಗೆ ನಿಂತಾಗ ಓದಿದವನು. ಸ್ತಂಭದ ಮೇಲೆ ಇರುವವರು ಸತ್ತವರು. ಕಾರ್ಮೆಲ್ ಹತ್ತಿ ಇಳಿದು, ಹಡಗು ಹತ್ತಿ, ಮೈಸೂರು ಸೀಮೆಯ ಯಾವುದೋ ಹಳ್ಳಿಯಲ್ಲಿ ರಾಗಿ ಹೊಲಕ್ಕೆ ಮರಳಿದ ಸವಾರ ಆಮೇಲೆ ಯಾರ ಹತ್ತಿರ ಏನು ಹೇಳಿಕೊಂಡನೋ.

ಕುದುರೆಗಳ ಲೆಕ್ಕವನ್ನು ಆ ದಿನ ದೊಡ್ಡಪ್ಪನಿಗೂ ಹೇಳಿದ್ದೆ. ಸೆರೆ ಸಿಕ್ಕವರ ಸಂಖ್ಯೆಗೆ ಅವನು ಹುಬ್ಬೂ ಏರಿಸಲಿಲ್ಲ. "ಎಂಬತ್ಮೂರು ಗಾಯದ್ ಕುದ್ರೆ. ರಾತ್ರಿಯೆಲ್ಲ ನಿದ್ದೆ ಮಾಡಕ್ಕೆ ಬಿಟ್ಟಿರಕ್ಕಿಲ್ಲ" ಅಂದ.

ಸ್ವತಂತ್ರ ಭಾರತದಲ್ಲಿ ಬಾಳ್ಗಳ್ಚು ಪೂರ್ತಿ ಸತ್ತಿಲ್ಲ. ಹೆಸರು ಬದಲಾಗಿದೆ. ಸರ್ಕಾರಿ ಜಮೀನು ಹಂಚುವ 1969ರ ನಿಯಮಗಳಲ್ಲಿ ಮಾಜಿ ಸೈನಿಕರಿಗೆ ಪಾಲಿದೆ. ದೊಡ್ಡಪ್ಪನೂ ಎರಡು ಎಕರೆಗೆ ದರಖಾಸ್ತು ಹಾಕಿದ್ದ. ಜಾಗ ಗೋಮಾಳವೋ ಅಲ್ಲವೋ ಎಂಬುದು ಇತ್ಯರ್ಥವಾಗಲು ಆರು ವರ್ಷ, ಆಮೇಲೆ ಫೈಲು ಸಿಗಲಿಲ್ಲ, ಸಿಕ್ಕಾಗ ಡಿಸ್ಚಾರ್ಜ್ ಪುಸ್ತಕದಲ್ಲಿರುವ ಹೆಸರಿಗೂ ಪಡಿತರ ಚೀಟಿಯಲ್ಲಿರುವ ಹೆಸರಿಗೂ ಒಂದಕ್ಷರ ವ್ಯತ್ಯಾಸ. ಆ ಕಚೇರಿಯ ಮೆಟ್ಟಿಲನ್ನು ಅವನು ಹದಿನಾಲ್ಕು ವರ್ಷ ಹತ್ತಿದ. ಹೇಸರಗತ್ತೆ ಹತ್ತಿದ ಗುಡ್ಡಕ್ಕಿಂತ ಇದೇ ಎತ್ತರ ಎಂದು ನಗಿಸುತ್ತಿದ್ದ. ಕೊನೆಗೆ ಹೋಗುವುದನ್ನು ಬಿಟ್ಟ. ರಾಜಾದಿತ್ಯನನ್ನು ಕೊಂದವನನ್ನು ಒಂದೆರಡು ಅಕ್ಷರ ಕಾಡಿದಂತೆ ಇವನನ್ನೂ ಒಂದು ಅಕ್ಷರ ಕಾಡಿತು. ಇವನದನ್ನು ತಿದ್ದಿ ಓದುವ ವಿದ್ವಾಂಸರು ಬರಲಿಲ್ಲ.

2015ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಮಾಜಿ ಸೈನಿಕರು ಕುಳಿತಿದ್ದರು. ಒಂದೇ ಹುದ್ದೆ, ಒಂದೇ ಅವಧಿಯ ಸೇವೆ, ಆದರೆ ಹಿಂದೆ ನಿವೃತ್ತನಾದವನಿಗೆ ಕಡಿಮೆ ಪಿಂಚಣಿ ಏಕೆ ಎಂಬುದು ಅವರ ಪ್ರಶ್ನೆ. ಸ್ವಾತಂತ್ರ್ಯ ದಿನದ ಹಿಂದಿನ ದಿನ ಪೊಲೀಸರು ಅವರನ್ನು ಎಬ್ಬಿಸಲು ಹೋದರು. ಎದೆಯ ಮೇಲೆ ಪದಕಗಳಿದ್ದ ಮುದುಕರ ಕಾಲರಿಗೆ ಕೈ ಹೋದ ದೃಶ್ಯಗಳನ್ನು ದೇಶ ಟಿವಿಯಲ್ಲಿ ನೋಡಿತು. ಆ ವರ್ಷದ ನವೆಂಬರಿನಲ್ಲಿ ಆದೇಶವೇನೋ ಬಂತು, ಕೇಳಿದಷ್ಟು ಬರಲಿಲ್ಲವೆಂದು ಕೆಲವರು ಪದಕಗಳನ್ನು ಹಿಂತಿರುಗಿಸಲು ಹೊರಟರು. ನಾವು ಟಿವಿಯಲ್ಲಿ ನೋಡುತ್ತಿದ್ದಾಗ ದೊಡ್ಡಪ್ಪ ಎದ್ದು ದನಕ್ಕೆ ಹುಲ್ಲು ಹಾಕಲು ಹೋದ. ಇದೇ ಬೆಂಗಳೂರಿನಲ್ಲಿ ಹುತಾತ್ಮರಿಗಾಗಿ ಕಟ್ಟಿದ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ 75 ಅಡಿಯ ಏಕಶಿಲೆ ಇದೆ, ಅದರ ಹೆಸರೇ ವೀರಗಲ್ಲು. ಒಳ್ಳೆಯದೇ. ಸುತ್ತಲೂ ಹೆಸರುಗಳಿವೆ, ಹೋಗಿ ನೋಡಬೇಕು. ಆದರೆ ಕಲ್ಲು ಎತ್ತರವಾದಷ್ಟೂ ಅದರ ನೆರಳಿನಲ್ಲಿ ಅರ್ಜಿ ಹಿಡಿದು ನಿಂತವನು ಕಾಣುವುದು ಕಷ್ಟ ಎಂದು ನನಗೆ ಅನ್ನಿಸುತ್ತದೆ.

ಆತಕೂರಿನ ಕಥೆ ಇನ್ನೂ ಮುಗಿದಿಲ್ಲ. ಅಂದು ದೊಡ್ಡಪ್ಪನಿಗೂ ಅದನ್ನೇ ಹೇಳಿದೆ.

ಮಣಲೇರನನ್ನು ಕೃಷ್ಣನೂ ಮೆಚ್ಚಿದ. ಸಾಮ್ರಾಟ ಅವನು, ಕೊಡಬೇಕಾದದ್ದನ್ನು ತಾನೇ ಗೊತ್ತುಮಾಡಿ ಕೊಟ್ಟುಬಿಡಬಹುದಿತ್ತು. ಹಾಗೆ ಮಾಡದೆ, ಮೆಚ್ಚಿದೆ, ಏನು ಬೇಕೋ ಬೇಡಿಕೋ ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ಒಂದು ಬೇಟೆನಾಯಿಯನ್ನು.

ಆ ನಾಯಿಯನ್ನು ಕರೆದುಕೊಂಡು ಅವನು ಈ ಕಡೆಗೆ ಬಂದ. ಕೆಲಲೆನಾಡಿನ ಬೆಳ್ತೂರಿನ ಪಡುವಲ ಗುಡ್ಡದಲ್ಲಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಅದನ್ನು ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಆತಕೂರಿನ ಚಲ್ಲೇಶ್ವರನ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿದರು. ದೊಡ್ಡ ಕೆರೆಯ ಕೆಳಗೆ ಎರಡು ಕಂಡುಗ ಭೂಮಿ ಬಿಟ್ಟರು. ಅಲ್ಲಿನ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದು ಬರೆಸಿದರು. ವರ್ಷಕ್ಕೊಮ್ಮೆ ಹೂವಿಟ್ಟರೆ ಸಾಲದು ಅಲ್ಲಿ, ದಿನದಿನದ ಊಟದ ಮುಂಚೆ ನೆನೆಯಬೇಕು. ತಕ್ಕೋಲದ ಯುದ್ಧವನ್ನೂ, ಚೋಳ ರಾಜಕುಮಾರನ ಸಾವನ್ನೂ, ಮಣಲೇರನ ಬಾಳ್ಗಳ್ಚನ್ನೂ ನಾವು ಇವತ್ತು ಕನ್ನಡದಲ್ಲಿ ಓದುತ್ತಿರುವುದು ಒಂದು ನಾಯಿಯ ಕಲ್ಲಿನ ಮೇಲೆ. ಯುದ್ಧದ ಕಲ್ಲಿನಲ್ಲಿ ನಾಯಿಯ ವಿಷಯ ಬಂದಿದೆ ಎಂದು ಹೇಳುವವರು ಆ ಶಿಲ್ಪವನ್ನು ಸರಿಯಾಗಿ ನೋಡಿಲ್ಲ. ಅಲ್ಲಿ ರಾಜನಿಲ್ಲ, ಕತ್ತಿಯಿಲ್ಲ, ನಾಯಿ ಮತ್ತು ಹಂದಿ ಮಾತ್ರ.

ದೊಡ್ಡಪ್ಪ ಬಹಳ ಹೊತ್ತು ಸುಮ್ಮನಿದ್ದ. ಮಂಜಾದ ಕಣ್ಣನ್ನು ಕಿರಿದು ಮಾಡಿ ಕಲ್ಲಿನ ಹತ್ತಿರ ಬಗ್ಗಿದ. ಕಾವಲಿನವರು ಮುಟ್ಟಬೇಡಿ ಎಂದರು, ಕೈ ಹಿಂದಕ್ಕೆ ಕಟ್ಟಿಕೊಂಡ.

ಬಸ್ಸಿನಲ್ಲಿ ಅವನ ಜೊತೆ ನಾನೂ ಊರಿಗೆ ಹೊರಟೆ. ರಾಮನಗರ ದಾಟಿದ ಮೇಲೆ ಕೇಳಿದೆ. ಅರವತ್ತು ದಾಟುವ ಹೊತ್ತಿಗೆ ನನಗೆ ಬಂದ ಪ್ರಶ್ನೆ ಅದು. "ದೊಡ್ಡಪ್ಪ, ನಿನ್ನನ್ನ ಹಂಗೆ ಯಾರಾದ್ರೂ ಕೇಳಿದ್ರೆ ಏನ್ ಬೇಡ್ತಿದ್ದೆ?"

"ಎರಡೆಕ್ರೆ ಕೇಳಿದ್ನಲ್ಲ" ಅಂದು ನಕ್ಕ. ಸ್ವಲ್ಪ ದೂರ ಹೋದ ಮೇಲೆ ತಾನಾಗೇ ಹೇಳಲು ಶುರು ಮಾಡಿದ. ಸಾಲಿನಲ್ಲಿ ಅವನದು ಮೂರನೇ ಹೇಸರಗತ್ತೆ. ಮಂಜು ಬಿದ್ದ ದಾರಿ, ರಾತ್ರಿ, ದೀಪ ಹಚ್ಚುವಂತಿಲ್ಲ. ಒಂದು ಕಡೆ ಅದು ಕಾಲಿಡದೆ ನಿಂತುಬಿಟ್ಟಿತು. ಇವನು ಬೈದ, ಹೊಡೆದ, ಅದು ಕದಲಲಿಲ್ಲ. ಮುಂದೆ ಹೋದ ಎರಡು ಪ್ರಾಣಿಗಳೂ ಅವುಗಳ ಹಗ್ಗ ಹಿಡಿದಿದ್ದ ಇಬ್ಬರೂ ಕೆಳಗೆ ಹೋದರು. ಇವನದು ನಿಂತಲ್ಲೇ ನಿಂತಿತ್ತು, ಆದ್ದರಿಂದ ಇವನೂ ನಿಂತಿದ್ದ. ಇಬ್ಬರ ಊರುಗಳ ಹೆಸರನ್ನೂ ಹೇಳಿದ. ಒಬ್ಬ ಧಾರವಾಡದ ಕಡೆಯವನು, ಒಬ್ಬ ಗಢವಾಲದವನು. ಎರಡು ವರ್ಷದ ಮೇಲೆ ಇವನನ್ನು ಬೇರೆ ಕಡೆಗೆ ವರ್ಗ ಮಾಡಿದರು. ಹೇಸರಗತ್ತೆ ಅಲ್ಲೇ ಉಳಿಯಿತು. ಆಮೇಲೆ ಅದು ಏನಾಯಿತೆಂದು ಯಾರಾದರೂ ಹೇಳಿದ್ದರೆ ಸಾಕಿತ್ತು ಅಂದ.

"ಹೆಸರೇನಿಟ್ಟಿದ್ದೆ ಅದಕ್ಕೆ?"

"ಹೆಸ್ರಿಲ್ಲ ಕಣ. ಗೊರಸಿನ ಮ್ಯಾಲೆ ನಂಬ್ರು."

ನಲವತ್ತೈದು ವರ್ಷದ ಹಿಂದಿನ ನಂಬರನ್ನು ಒಂದೊಂದೇ ಅಂಕಿಯಾಗಿ ಹಿಂದಿಯಲ್ಲಿ ಹೇಳಿದ. ನಾನು ಆಸ್ಪತ್ರೆಯ ಚೀಟಿಯ ಹಿಂದೆ ಬರೆದುಕೊಂಡೆ. ಸರಿಯಾಗಿ ಬರೆದುಕೊಂಡೆಯಾ ಎಂದು ಮತ್ತೊಮ್ಮೆ ಓದಿಸಿ ಕೇಳಿದ. ಓದಿದೆ. ಮದ್ದೂರು ಬರುವವರೆಗೂ ಕಿಟಕಿಯ ಕಡೆ ತಿರುಗಿ ಕುಳಿತಿದ್ದ.